ಒಂದು ವರ್ಷದ ಕುಕಿ

“ನನ್ನ ಕುಕಿಯನ್ನ ಕೊಂದೋರು ಯಾರು?”

ಪ್ರೋಗ್ರಾಮರ್ ಕೂಗಿದ ರಭಸಕ್ಕೆ ಪಕ್ಕದ ಮೇಜಿನ ಡಿಸೈನರ್ ಕೈಯಲ್ಲಿದ್ದ ಟೀ ತುಳುಕಿತು. ಆಕೆ ನಿಧಾನವಾಗಿ ಮೇಜು ಒರೆಸಿದಳು. ಕಚೇರಿಗೆಲ್ಲ ಆಕೆ ಅಕ್ಕ. ಅವನು, ಬೆನ್ನ ಹಿಂದೆ, ಗೆರೆ ಮಾಸ್ತರು.

“ನಾನೇ. ಕೊಂದಿಲ್ಲ, ಆಯಸ್ಸು ಕಮ್ಮಿ ಮಾಡಿದೀನಿ.”

ಅವನ ಕಿವಿ ಬಿಸಿಯಾಯಿತು. ಸೈಟಿಗೆ ಬಂದವರ ಹೆಸರನ್ನು ಅವರ ಕಂಪ್ಯೂಟರಿನಲ್ಲೇ ಒಂದು ವರ್ಷ ಉಳಿಸಿ, ಮುಂದಿನ ಸಲ ಕೇಳದೆಯೇ ಗುರುತು ಹಿಡಿಯುವಂತೆ ಆ ಕುಕಿಯನ್ನು ಕೂರಿಸಿದ್ದ. ಈಗ ಬ್ರೌಸರಿನ ಕಿಟಕಿ ಮುಚ್ಚಿದರೆ ಸಾಕು, ಅಳಿಸಿಹೋಗುತ್ತಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಅಕ್ಕ ಆ ಸಾಲನ್ನು ತುರುಕಿದ ಜಾಗ: ಪುಟದ ಟೆಂಪ್ಲೇಟಿನೊಳಗೆ.

“ಟೆಂಪ್ಲೇಟಲ್ಲಿ ಬಣ್ಣ, ಅಕ್ಷರ, ಚಿತ್ರ. ಅಷ್ಟೇ. ತಲೆ ಓಡಿಸೋ ಕೋಡೆಲ್ಲ ನನ್ನ ಕಡೆ. ಎಷ್ಟು ಸಲ ಬಡ್ಕೋಬೇಕು?”

“ನಿಮ್ಮ ಕಡೆಗೇ ಬಂದು ಕೇಳಿದ್ನಲ್ಲ ಸ್ವಾಮಿ, ಆಗಲ್ಲ ಅಂದ್ರಿ. ಇಲ್ಲಿಗೆ ಬರೋರ ಗುರುತು ಉಳೀಬಾರದು.”

“ಗುರುತಿಡದ ಸೈಟೂ ಒಂದು ಸೈಟೇನ್ರೀ?”

“ಪುಟದಲ್ಲಿ ಏನು ಬರೆದಿದೆ ಅಂತ ಒಂದ್ಸಲನಾದ್ರೂ ಓದಿದೀರಾ?”

“ಓದಲ್ಲ. ಅದು ನನ್ನ ಕೆಲಸ ಅಲ್ಲ.”

ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ. ಖಾಲಿ ಪುಟಗಳ ಮೇಲೆ ಕೋಡ್ ಪರೀಕ್ಷಿಸುವುದು ಅವನ ಪದ್ಧತಿ. ಯಾವುದೋ ಸಲಹಾ ಕೇಂದ್ರದ ಸೈಟು ಎಂಬುದಷ್ಟೇ ಅವನಿಗೆ ಗೊತ್ತು. ಮಾತು ಆಕೆಯದು, ತರ್ಕ ತನ್ನದು. ನಡುವೆ ಗೆರೆ. ಗೆರೆ ದಾಟುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮನೆಯಲ್ಲೂ ಅದೇ ಗೋಳು. ಮೊನ್ನೆ ಸಕ್ಕರೆ ಇರಬೇಕಾದಲ್ಲಿ ಉಪ್ಪಿನ ಡಬ್ಬಿ. ಹೆಂಡತಿಗೆ ಸರಿಯಾಗಿ ಬುದ್ಧಿ ಕಲಿಸಬೇಕಾಯಿತು. ಆಮೇಲೆ ಕೆಲವು ದಿನ ಅವಳು ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಅಕ್ಕನ ಸಾಲನ್ನು ಕಿತ್ತೆಸೆದ. ಕುಕಿಗೆ ಮತ್ತೆ ಒಂದು ವರ್ಷ ಕೊಟ್ಟ. ಟೆಂಪ್ಲೇಟನ್ನು ಯಾರೂ ತೆರೆಯದಂತೆ ತನ್ನ ಪಾಸ್‌ವರ್ಡಿನಲ್ಲಿ ಬಂಧಿಸಿ, ಹಳೆಯ ಸೈಟಿನ ಜಾಗದಲ್ಲಿ ಹೊಸದನ್ನು ಅಲ್ಲೇ, ಆಗಲೇ ಚಾಲೂ ಮಾಡಿದ.

“ಈಗ ಮುಟ್ಟಿ, ನೋಡೋಣ.”

ಅಕ್ಕನ ಮುಖ ಬಿಳಿಚಿತು. “ಬೇಡ ರೀ, ಕೈ ಮುಗೀತೀನಿ. ಈಗಲೂ ಯಾರೋ ಬಂದಿರ್ತಾರೆ. ಅವರಿಗೇನಾದ್ರೂ ಆದ್ರೆ?”

“ಹೆಸರು ಕಂಡ್ರೆ ಯಾರೂ ಸಾಯಲ್ಲ.”

ಆಕೆ ಫೋನ್ ಹಿಡಿದು ಹೊರಗೆ ಓಡಿದಳು. ಯಾರಿಗೆ ಬೇಕಾದರೂ ದೂರು ಹೇಳಿಕೊಳ್ಳಲಿ ಎಂದು ಅವನು ಚೀಲ ಹೆಗಲಿಗೇರಿಸಿದ. ಸಿಟ್ಟು ಮಾತ್ರ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಬಂದ.

ಗಂಟೆ ಒತ್ತುವ ಮೊದಲೇ ಹೆಂಡತಿ ಬಾಗಿಲು ತೆರೆದಳು. ಚಪ್ಪಲಿಗಳು ಸಾಲಾಗಿದ್ದವು. ಪೇಪರ್ ಮಡಿಸಿತ್ತು. ಎಲ್ಲ ಇರಬೇಕಾದಲ್ಲೇ ಇತ್ತು. ಅದೂ ಯಾಕೋ ಅವನನ್ನು ಕೆರಳಿಸಿತು.

“ಇವತ್ತು ಬೇಗ ಬಂದ್ರಿ,” ಎಂದಳು. ಅವಳ ಕಣ್ಣು ಮೂಲೆಯ ಕಂಪ್ಯೂಟರಿನತ್ತ ಹೊರಳಿ ವಾಪಸ್ಸಾಯಿತು.

“ಯಾಕೆ, ಬರಬಾರದಿತ್ತಾ?”

“ಅಯ್ಯೋ, ಹಾಗಲ್ಲ ರೀ. ಟೀ ಇಡ್ತೀನಿ.”

ಅವಳು ಅಡುಗೆಮನೆಗೆ ಸರಿದಳು. ಅವನು ಬೂಟು ಕೂಡ ಕಳಚದೆ ಕಂಪ್ಯೂಟರಿನ ಮುಂದೆ ಕುಳಿತ. ಅಕ್ಕನ ಪಿತೂರಿ ಇನ್ನೂ ಎಲ್ಲಾದರೂ ಉಳಿದಿದೆಯೋ ಏನೋ. ಹೊರಗಿನವರ ಹಾಗೆ ಬಂದು, ಹೊಸ ಹೆಸರು ಕೊಟ್ಟು, ಮೊದಲಿನಿಂದ ನೋಡಿಬಿಡಬೇಕು. ಸೈಟಿನ ವಿಳಾಸ ಬರೆದು ಒತ್ತಿದ.

ಪುಟ ಹೆಸರು ಕೇಳಲಿಲ್ಲ. ಅವನ ಹೆಂಡತಿಯ ಹೆಸರು ಹಿಡಿದು ಅಕ್ಕರೆಯಿಂದ ಕರೆಯಿತು: “ಮತ್ತೆ ಬಂದಿರಾ? ಹೆದರಬೇಡಿ. ನಿಮ್ಮ ಗಂಡ ಈಗ ಮನೆಯಲ್ಲಿಲ್ಲ ತಾನೇ?”