ನಡುಮನೆಯ ನಿಲ್ದಾಣ

ಬೆಳಗ್ಗೆ ಎಂಟಾದರೆ ಪುಟ್ಟತಾಯಮ್ಮನ ನಡುಮನೆ ಮೂವತ್ತನಾಲ್ಕನೇ ನಂಬರಿನ ಬಸ್ಸು. ಸರ್ಕಾರ ಅವಳಿಗೆ ಚಕ್ರದ ಮನೆ ಕೊಟ್ಟದ್ದೇ ಆ ಕರಾರಿನ ಮೇಲೆ. ಹಿಂದಿನ ಅಡುಗೆಮನೆಯಷ್ಟೇ ಅವಳ ಸಂಸಾರದ್ದು.

ಇವತ್ತು ಬಡಾವಣೆಯ ಸಂಘದವರು ಏಳೂವರೆಗೇ ಬಂದು, ಹೊರಗೆ ಚಪ್ಪಲಿ ಬಿಟ್ಟು, ನಡುಮನೆಯಲ್ಲಿ ಸಭೆ ಕೂತಿದ್ದರು. ರಾತ್ರಿಯೆಲ್ಲ ಈ ಮನೆ ನಿಲ್ಲುವ ತಮ್ಮ ರಸ್ತೆಯ ನಿಲ್ದಾಣ ಅವರಿಗೆ ಬೇಡ. ಅದು ರದ್ದಾದರೆ ಈ ಮನೆಯನ್ನು ಊರಾಚೆಯ ಡಿಪೋಗೆ ತಳ್ಳುತ್ತಾರೆ.

“ನಿಮ್ಮ ಒಗ್ಗರಣೆ ಘಾಟು, ಒಣಹಾಕಿದ ಬಟ್ಟೆ, ಎಲ್ಲಾ ನಮ್ಮ ಗೇಟಿನ ಮುಂದೇನೇ ಯಾಕಮ್ಮ?” ಎಂದರು ಅಧ್ಯಕ್ಷ ಶ್ರೀಪಾದ ರಾಯರು.

“ಮೊದ್ಲು ಕಾಫಿ ಕುಡೀರಿ ಸ್ವಾಮಿ.” ಪುಟ್ಟತಾಯಮ್ಮ ಎಲ್ಲರಿಗೂ ಲೋಟ ಹಂಚಿದಳು.

ನಿಲ್ದಾಣ ಬೇಡವೆಂದು ರಾಯರು ಎಲ್ಲರ ಕೈ ಎತ್ತಿಸುವಷ್ಟರಲ್ಲಿ ಎಂಟು ಹೊಡೆದು ಮನೆ ತಾನಾಗಿಯೇ ಹೊರಟಿತು. ಚಪ್ಪಲಿಗಳು ರಸ್ತೆಯಲ್ಲೇ ಉಳಿದವು. ಮಾರ್ಕೆಟ್ಟು, ಕೋರ್ಟು, ಆಸ್ಪತ್ರೆ ಬಂದರೂ ಬರಿಗಾಲಲ್ಲಿ ಇಳಿಯಲು ಯಾರಿಗೂ ಮನಸ್ಸಾಗಲಿಲ್ಲ. ಸುತ್ತು ಮುಗಿಯುವುದರೊಳಗೆ ಎಲ್ಲರೂ ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಕೊನೆಗೆ ಬಡಾವಣೆಯ ತಿರುವು ಕಂಡಿತು. ಯಾರಾದರೂ ಗಂಟೆಯ ಹಗ್ಗ ಜಗ್ಗದೆ ಮನೆ ಎಲ್ಲೂ ನಿಲ್ಲುವುದಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಜಗ್ಗಿದವರು ರಾಯರೇ.

ಇಳಿದು ಚಪ್ಪಲಿ ಮೆಟ್ಟುತ್ತಾ ಕೇಳಿದರು: “ನಾಳೆಯಿಂದ ಚಪ್ಪಲಿ ಹಾಕ್ಕೊಂಡೇ ಹತ್ತಬಹುದೇನಮ್ಮ?”

“ಹತ್ತಿ ಸ್ವಾಮಿ,” ಎಂದ ಪುಟ್ಟತಾಯಮ್ಮನಿಗೆ ಹೋದ ಜೀವ ಬಂದಂತಾಯಿತು.