ಅಳಿಸದ ಕುಂಕುಮ

ಕಬ್ಬಿಣದ ಎರಕದ ಕಾರ್ಖಾನೆಗೆ ಸುರಕ್ಷತಾ ತಪಾಸಣೆಗೆಂದು ಬಂದ ಇನ್‌ಸ್ಪೆಕ್ಟರ್ ಒಳಗೆ ಕಾಲಿಟ್ಟೊಡನೆ ತಲೆದೂಗಿದರು. ಕೆಲಸಕ್ಕೆ ನಿಂತ ಪ್ರತಿಯೊಬ್ಬರ ತಲೆಯ ಮೇಲೂ ಹಳದಿ ಹೆಲ್ಮೆಟ್ ಇತ್ತು. ಒಂದನ್ನು ತೆಗೆಸಿ ಕೈಯಲ್ಲಿ ಹಿಡಿದು ನೋಡಿದರು. ಒಂದು ಗೀರಿಲ್ಲ, ಬೆವರಿನ ಕಲೆಯಿಲ್ಲ. ಮುಂಭಾಗದಲ್ಲಿ ಇಟ್ಟಿದ್ದ ಕುಂಕುಮದ ಬೊಟ್ಟು ಮಾತ್ರ ದುಂಡಗೆ ಹಾಗೇ ಇತ್ತು.

“ಇದೇನ್ರಿ ಕುಂಕುಮ?”

“ಆಯುಧ ಪೂಜಿದ್ದು ಸಾಹೇಬ್ರ,” ಎಂದ ಮ್ಯಾನೇಜರ್.

“ಆಯುಧ ಪೂಜಿ ಆಗಿ ಏಳು ತಿಂಗಳಾತಲ್ರಿ.”

“ನಮ್ಮ ಮಂದಿ ಅಷ್ಟು ಜ್ವಾಕಿಯಿಂದ ಹಾಕ್ಕೋತಾರ್ರಿ.”

“ಈ ವರ್ಷ ಯಾರಿಗರೆ ಪೆಟ್ಟು ಬಿದ್ದೈತೇನು?”

“ಒಬ್ಬರಿಗೂ ಇಲ್ರಿ.”

ಇನ್‌ಸ್ಪೆಕ್ಟರ್ ಚಹಾ ಕುಡಿದು, ವರದಿಯಲ್ಲಿ ‘ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿದರು. ಹೊರಡುವಾಗ ಗೇಟಿನ ಮುಂದೆ ಆಟೋ ನಿಂತಿತು. ಆಸ್ಪತ್ರೆಯಿಂದ ಬಂದ ಕಾರ್ಮಿಕ ಯಮನಪ್ಪ ತಲೆಯ ಬ್ಯಾಂಡೇಜು ಹಿಡಿದುಕೊಂಡು ಇಳಿದ.

“ಕೆಲಸದಾಗ ಪೆಟ್ಟಾತೇನು?” ಇನ್‌ಸ್ಪೆಕ್ಟರ್ ಕೇಳಿದರು.

“ಹೌದ್ರಿ. ಎಂಟು ಹೊಲಿಗಿ ಹಾಕ್ಯಾರ.”

“ಮತ್ತ ಹೆಲ್ಮೆಟ್ ಯಾಕ ಹಾಕ್ಕೊಂಡಿದ್ದಿಲ್ಲ?”

“ಹೆಂಗ ಹಾಕ್ಕೊಳ್ಳೂದ್ರಿ ಸಾಹೇಬ್ರ? ನೀವು ಬರ್ತೀರಂತ ಮುಂಜಾನೆ ಅಟ್ಟದಿಂದ ಇಳಸೂ ಮುಂದ, ಆ ಹೆಲ್ಮೆಟ್ಟಿನ ಪೆಟಗೀನ ನನ್ನ ತಲಿ ಮ್ಯಾಲೆ ಬಿತ್ರಿ.”