ಅವರ ಡಬ್ಬಿ

ಕಾರು ನಿಲ್ಲಿಸುವ ಜಾಗದ ಜಗಳದಲ್ಲಿ ಎದುರು ಫ್ಲ್ಯಾಟಿನವರ ಮೇಲೆ ನಾನು ಪೊಲೀಸರಿಗೆ ದೂರು ಕೊಟ್ಟಿದ್ದೆ. ಲಿಫ್ಟಿನಲ್ಲಿ ಎದುರಾದರೂ ಇಬ್ಬರೂ ಗೋಡೆ ನೋಡುತ್ತಿದ್ದೆವು. ನನ್ನ ಹೆಂಡತಿ ಮಾತ್ರ ಸ್ಟೀಲ್ ಡಬ್ಬಿಗೆ ಕೋಡುಬಳೆ ತುಂಬುತ್ತಿದ್ದಳು.

"ಮತ್ತೆ ಅವರಿಗೇನಾ?"

"ಹೋದ ವಾರ ಇದರಲ್ಲಿ ಉಪ್ಪಿನಕಾಯಿ ಕೊಟ್ಟಿದ್ರಲ್ಲ. ಡಬ್ಬಿ ಖಾಲಿ ವಾಪಸ್ ಕೊಡಬಾರದು ರೀ."

"ನೀನು ತುಂಬಿ ಕೊಡ್ತೀಯ, ಅವರೂ ತುಂಬಿ ಕೊಡ್ತಾರೆ. ಇದು ಮುಗಿಯೋದು ಯಾವಾಗ?"

"ಹಾಗಂತ ಅವರ ಡಬ್ಬಿ ನಾವು ಇಟ್ಕೊಳ್ಳೋಕಾಗುತ್ತಾ?"

"ಕೊಡು ಇಲ್ಲಿ. ಖಾಲಿ ಡಬ್ಬೀನ ನಾನೇ ಅವರ ಬಾಗಿಲ ಮುಂದೆ ಇಟ್ಟು ಬರ್ತೀನಿ."

ಡಬ್ಬಿ ಕಿತ್ತುಕೊಂಡು ಕೋಡುಬಳೆಯೆಲ್ಲ ಬೀಳುವಂತೆ ತಟ್ಟೆಯ ಮೇಲೆ ಬೋರಲು ಹಾಕಿದೆ.

ಅದರ ತಳದಲ್ಲಿ, ಪಾತ್ರೆ ಅಂಗಡಿಯವನು ಚುಕ್ಕಿಚುಕ್ಕಿಯಾಗಿ ಕೊರೆದಿದ್ದ ಹೆಸರು ನನ್ನದು.